ಫೋನಿನಲ್ಲಿ ಕ್ಯಾಮೆರಾ ತೆರೆಯುತ್ತಿಲ್ಲ: ಲೋಕಲ್ ಸರ್ವರ್‌ಗೆ ಎಚ್‌ಟಿಟಿಪಿಎಸ್ ಹೇಗೆ?

ಪ್ರಶ್ನೆ
ನಮಸ್ಕಾರ. ದಾವಣಗೆರೆ ಎಪಿಎಂಸಿಯ ಮಂಡಿಯೊಂದಕ್ಕೆ, ಮೆಕ್ಕೆಜೋಳದ ಚೀಲಗಳ ಮೇಲಿನ ಕ್ಯೂಆರ್ ಚೀಟಿಯನ್ನು ಫೋನಿನ ಕ್ಯಾಮೆರಾದಿಂದ ಓದುವ ವೆಬ್ ಪುಟವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಲೋಕಲ್‌ಹೋಸ್ಟ್ ಎಂದು ತೆರೆದರೆ ಕ್ಯಾಮೆರಾ ಬರುತ್ತದೆ. ಅದೇ ವೈಫೈನಲ್ಲಿರುವ ಫೋನಿನಿಂದ 192.168.1.5 ವಿಳಾಸಕ್ಕೆ ಹೋದರೆ ಅನುಮತಿಯನ್ನೂ ಕೇಳುವುದಿಲ್ಲ. ಎಚ್‌ಟಿಟಿಪಿಎಸ್ (ಗೂಢಲಿಪಿಯ ಸುರಕ್ಷಿತ ಸಂಪರ್ಕ) ಬೇಕಾದರೆ ಸ್ವಯಂ ಸಹಿಯ ಸರ್ಟಿಫಿಕೇಟ್, ಅಂದರೆ ಬೇರೆ ಪ್ರಾಧಿಕಾರವಿಲ್ಲದೆ ನಾವೇ ಸಹಿ ಹಾಕಿಕೊಂಡ ಗುರುತಿನ ಪತ್ರ, ಸಾಕಾಗುತ್ತದೆಯೇ?

ಉತ್ತರ 1
ದೋಷ ನಿಮ್ಮ ಕೋಡಿನಲ್ಲಿಲ್ಲ. ಲೋಕಲ್‌ಹೋಸ್ಟ್ ಮತ್ತು 127.0.0.1 ವಿಳಾಸಗಳನ್ನು ಬ್ರೌಸರ್ ಎಚ್‌ಟಿಟಿಪಿಎಸ್ ಇಲ್ಲದೆಯೂ ಸುರಕ್ಷಿತವೆಂದು ಪರಿಗಣಿಸುತ್ತದೆ, ಆದರೆ 192.168 ಎಂದು ಆರಂಭವಾಗುವ ವಿಳಾಸಕ್ಕೆ ಆ ವಿನಾಯಿತಿ ಇಲ್ಲದ ಕಾರಣ ಕ್ಯಾಮೆರಾ, ಸರ್ವಿಸ್ ವರ್ಕರ್ (ಪುಟದ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್) ಮುಂತಾದವು ಲಭ್ಯವಾಗುವುದಿಲ್ಲ. ಸ್ವಯಂ ಸಹಿಯ ಸರ್ಟಿಫಿಕೇಟಿನ ಎಚ್ಚರಿಕೆಯನ್ನು ದಾಟಿ ಮುಂದೆ ಹೋದರೂ ಕ್ರೋಮ್‌ನಲ್ಲಿ ಸರ್ವಿಸ್ ವರ್ಕರ್ ನೋಂದಣಿಯಾಗದು, ಹಾಗಾಗಿ ಅದನ್ನು ನಾನು ಸೂಚಿಸುವುದಿಲ್ಲ. ಎಂಕೆಸರ್ಟ್ ಎಂಬ ಉಚಿತ ಸಾಧನವು ನಿಮ್ಮ ಯಂತ್ರದಲ್ಲಿಯೇ ಒಂದು ರೂಟ್ ಪ್ರಾಧಿಕಾರವನ್ನು (ಸರ್ಟಿಫಿಕೇಟುಗಳಿಗೆ ಸಹಿ ಹಾಕುವ ಮೂಲ) ರಚಿಸಿ, ಅದರ ಸಹಿಯಿರುವ ಸರ್ಟಿಫಿಕೇಟ್ ಕೊಡುತ್ತದೆ. ಅದನ್ನು ಪಡೆಯುವಾಗ ಲೋಕಲ್‌ಹೋಸ್ಟ್ ಜೊತೆಗೆ ನಿಮ್ಮ ಐಪಿ ವಿಳಾಸವನ್ನೂ ನಮೂದಿಸಿ. ರೂಟರ್ ನಾಳೆ ಬೇರೆ ವಿಳಾಸ ಕೊಟ್ಟರೆ ಸರ್ಟಿಫಿಕೇಟ್ ಹೊಂದುವುದಿಲ್ಲವಾದ್ದರಿಂದ ಆ ವಿಳಾಸವನ್ನು ರೂಟರ್‌ನಲ್ಲಿಯೇ ಕಾಯ್ದಿರಿಸುವುದು ಒಳಿತು.

ಉತ್ತರ 2
ಮೇಲಿನವರು ಹೇಳಿದ್ದು ಸರಿ. ಫೋನು ಆ ಸರ್ಟಿಫಿಕೇಟನ್ನು ನಂಬಬೇಕಾದರೆ ರೂಟ್ ಪ್ರಾಧಿಕಾರದ ಸರ್ಟಿಫಿಕೇಟನ್ನು ಫೋನಿನಲ್ಲಿಯೂ ಅಳವಡಿಸಬೇಕು. ಆದರೆ ಫೋನಿಗೆ ಆ ರೂಟ್ ಸರ್ಟಿಫಿಕೇಟನ್ನು ಮಾತ್ರ ಕಳುಹಿಸಿ. ಅದರ ಪಕ್ಕದಲ್ಲಿಯೇ ಇರುವ ಖಾಸಗಿ ಕೀಲಿಯ ಫೈಲನ್ನು ವಾಟ್ಸಾಪ್‌ಗಾಗಲಿ ಗಿಟ್‌ಗಾಗಲಿ ಹಾಕಬೇಡಿ. ಅದು ಕೈಗೆ ಸಿಕ್ಕವರು ನೀವು ನಂಬುವ ಯಾವುದೇ ತಾಣದ ಹೆಸರಿನಲ್ಲಿ ನಕಲಿ ಸರ್ಟಿಫಿಕೇಟ್ ತಯಾರಿಸಬಲ್ಲರು. ಮಂಡಿಯವರ ಫೋನಿನಲ್ಲಿ ಇದನ್ನು ಹಾಕುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಪರೀಕ್ಷೆ ನಿಮ್ಮ ಫೋನಿನಲ್ಲಿಯೇ ನಡೆಯಲಿ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ತೆರೆಯಿತು. ಐಫೋನಿನಲ್ಲಿ ರೂಟ್ ಸರ್ಟಿಫಿಕೇಟಿನ ಪ್ರೊಫೈಲ್ ಅಳವಡಿಸಿದರೂ ಎಚ್ಚರಿಕೆ ಹೋಗುತ್ತಿಲ್ಲ.

ಉತ್ತರ 1
ಐಫೋನಿನಲ್ಲಿ ಅಳವಡಿಸಿದರಷ್ಟೇ ಸಾಲದು. ಸೆಟ್ಟಿಂಗ್ಸ್, ಜನರಲ್, ಅಬೌಟ್ ಮೂಲಕ ಸರ್ಟಿಫಿಕೇಟ್ ಟ್ರಸ್ಟ್ ಸೆಟ್ಟಿಂಗ್ಸ್‌ಗೆ ಹೋಗಿ, ಆ ರೂಟ್‌ನ ಸ್ವಿಚ್ಚನ್ನು ಆನ್ ಮಾಡಿ.