ಎಸ್‌ಎಂಪಿಎಸ್ ಮೇಲಿನ 850 ವ್ಯಾಟ್: ಕೊಡೋದೋ, ಎಳೆಯೋದೋ?

ಗೆಳೆಯರೇ, ನಮಸ್ಕಾರ.

ಸಾಗರದಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಗೆಳೆಯನಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ದೊಡ್ಡ ಗೇಮಿಂಗ್ ಪಿಸಿ ಮಾಡಿಸುವವರು ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಒಳಗಿನ ಭಾಗಗಳಿಗೆ ಹೊಂದಿಸಿ ಕೊಡುವ ಡಬ್ಬ, ಹೇಗೆ ಆರಿಸಬೇಕು ಅನ್ನುವುದು ವಿಷಯ. ಬರುವ ಗಿರಾಕಿಗಳು ಹೆಚ್ಚಾಗಿ ಕಾಲೇಜು ಹುಡುಗರು. ದುಡ್ಡು ಕೊಡುವವರು ಅಪ್ಪ ಅಮ್ಮ. ಇಬ್ಬರಿಗೂ ತಿಳಿಯುವ ಕನ್ನಡ ಬೇಕು. ಕೆಲವು ಪದಗಳ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ಕಡೆಯ ಬಳಕೆ ತಿಳಿಸಿದರೆ ದೊಡ್ಡ ಉಪಕಾರ.

ಡಬ್ಬದ ಹೆಸರಿನ ಬಗ್ಗೆ ನನಗೆ ಗೊಂದಲವಿಲ್ಲ. ನಮ್ಮ ಕಡೆ ‘ಪವರ್ ಸಪ್ಲೈ ಇಲ್ಲ’ ಅಂದರೆ ಊರಿಗೇ ಕರೆಂಟ್ ಇಲ್ಲ ಅಂತ ಅರ್ಥ. ಆ ಡಬ್ಬಕ್ಕೆ ಅಂಗಡಿಯವರು ಎಸ್‌ಎಂಪಿಎಸ್ ಅಂತಲೇ ಅನ್ನುತ್ತಾರೆ. ‘ಎಸ್‌ಎಂಪಿಎಸ್ ಹೋಗಿದೆ, ಬೇರೆ ಹಾಕ್ಬೇಕು’ ಅನ್ನುವ ಮಾತನ್ನು ಕಂಪ್ಯೂಟರ್ ಇಟ್ಟುಕೊಂಡವರೆಲ್ಲ ಒಮ್ಮೆಯಾದರೂ ಕೇಳಿರುತ್ತಾರೆ. ‘ವಿದ್ಯುತ್ ಪೂರೈಕೆ ಘಟಕ’ ಅಂತ ಬರೆದರೆ ಓದುವವರ ಕಣ್ಣಮುಂದೆ ಸಬ್‌ಸ್ಟೇಷನ್ ಬರುತ್ತದೆ. ಹಾಗಾಗಿ ಎಸ್‌ಎಂಪಿಎಸ್ ಅನ್ನೇ ಇಟ್ಟುಕೊಂಡಿದ್ದೇನೆ.

ತೊಡಕಿರುವುದು ಡಬ್ಬದ ಮೇಲಿನ ಸಂಖ್ಯೆಯಲ್ಲಿ. ಅಂಗಡಿಯಲ್ಲಿ ಕೂತಿದ್ದಾಗ ಕಿವಿಗೆ ಬಿದ್ದ ಮಾತು ಇದು.

‘850 ವ್ಯಾಟಾ? ಅಷ್ಟು ಕರೆಂಟ್ ತಿಂದ್ರೆ ಬಿಲ್ ಕಟ್ಟೋರು ಯಾರು ಮಾರಾಯ? 500ರದ್ದು ಹಾಕು, ಸಾಕು.’

‘ಗೌಡ್ರೇ, ಅದು ತಿನ್ನೋ ಲೆಕ್ಕ ಅಲ್ಲ, ಕೊಡೋ ಲೆಕ್ಕ.’

‘ಕೊಡೋದು ಅಂದ್ರೆ? ಕರೆಂಟ್ ಕೊಡೋದು ಗೋಡೆಯಲ್ಲಿರೋ ಪ್ಲಗ್ ಅಲ್ವಾ?’

ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಮನೆಯಲ್ಲಿರುವ ಸಾಮಾನುಗಳನ್ನೇ ನೋಡಿ. 750 ವ್ಯಾಟ್ ಮಿಕ್ಸಿ, 1000 ವ್ಯಾಟ್ ಇಸ್ತ್ರಿಪೆಟ್ಟಿಗೆ, 2000 ವ್ಯಾಟ್ ಗೀಸರ್. ಇಲ್ಲೆಲ್ಲ ವ್ಯಾಟ್ ಅಂದರೆ ಅದು ಗೋಡೆಯಿಂದ ಎಳೆಯುವ ಕರೆಂಟಿನ ಲೆಕ್ಕ. ಎಸ್‌ಎಂಪಿಎಸ್ ಮೇಲಿನ ವ್ಯಾಟ್ ಹಾಗಲ್ಲ. ಅದು ಒಳಗಿನ ಭಾಗಗಳಿಗೆ ಹೆಚ್ಚೆಂದರೆ ಎಷ್ಟು ಕೊಡಬಲ್ಲದು ಅನ್ನುವ ಲೆಕ್ಕ. ಭಾಗಗಳು 300 ವ್ಯಾಟ್ ಕೇಳಿದರೆ 850ರ ಡಬ್ಬವೂ ಅಷ್ಟೇ ಕೊಡುತ್ತದೆ. ಬಿಲ್ ಬರುವುದು ಆ ಬಳಕೆಗೆ, ಡಬ್ಬದ ಮೇಲಿನ ಸಂಖ್ಯೆಗಲ್ಲ.

ಡಬ್ಬದ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರ ಮೇಲಿನ ಸಾಲಿನಲ್ಲಿ 100ರಿಂದ 240 ವೋಲ್ಟ್ ಅಂತ ಇರುತ್ತದೆ. ಇದು ಗೋಡೆಯಿಂದ ಒಳಗೆ ಬರುವುದು. ಕೆಳಗೆ ಚೌಕಗಳಲ್ಲಿ 3.3, 5 ಮತ್ತು 12 ವೋಲ್ಟ್ ಅಂತ ಬೇರೆ ಬೇರೆಯಾಗಿ ಬರೆದು, ಒಂದೊಂದರ ಕೆಳಗೂ ಆಂಪಿಯರ್ ಹಾಕಿರುತ್ತಾರೆ. ಇದು ಹೊರಗೆ ಹೋಗುವುದು. ಗೇಮಿಂಗ್‌ಗೆ ಕೊಳ್ಳುವವರು ಬೆರಳಿಟ್ಟು ನೋಡಬೇಕಾದದ್ದು 12 ವೋಲ್ಟ್‌ನ ಚೌಕ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಊಟ ಮಾಡುವುದು ಅಲ್ಲಿಂದಲೇ. ಅಲ್ಲಿ 70 ಆಂಪಿಯರ್ ಅಂತಿದ್ದರೆ 12ರಿಂದ ಗುಣಿಸಿ. 840 ವ್ಯಾಟ್ ಆಯಿತು. 850ರ ಡಬ್ಬಕ್ಕೆ ಅದು ಸರಿಯಾದ ಲೆಕ್ಕ. ಹೆಸರಿಗೆ 850 ಅಂತಿದ್ದು, ಆ ಚೌಕದಲ್ಲಿ 45 ಆಂಪಿಯರ್ ಅಂತ ಇದ್ದರೆ ಕೊಳ್ಳಲೇಬೇಡಿ.

ಕೊಡುವ ವ್ಯಾಟ್, ಎಳೆಯುವ ವ್ಯಾಟ್ ಅನ್ನುವ ಈ ವ್ಯತ್ಯಾಸವನ್ನು ಒಂದೇ ಪದದಲ್ಲಿ ಹೇಳುವುದು ಹೇಗೆ ಅನ್ನುವುದು ನನ್ನ ಮೊದಲ ಪ್ರಶ್ನೆ. ‘ಸಾಮರ್ಥ್ಯ’ ಇದೆ, ನಿಜ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್ ಅಂತ ಪೇಪರಿನಲ್ಲಿ ಓದಿದಾಗ, ದಿನವಿಡೀ ಅಷ್ಟು ತಯಾರಾಗುತ್ತದೆ ಅಂತ ಯಾರೂ ತಿಳಿಯುವುದಿಲ್ಲ. ಆದರೆ ‘750 ವ್ಯಾಟ್ ಸಾಮರ್ಥ್ಯದ ಮಿಕ್ಸಿ’ ಅಂತಲೂ ಅದೇ ಪೇಪರಿನ ಜಾಹೀರಾತು ಹೇಳುತ್ತದೆ. ಒಂದೇ ಪದ ಎರಡೂ ಕಡೆ ಓಡಾಡುತ್ತಿದೆ.

ಇನ್ನೊಂದು ಜೋಡಿ ನಮ್ಮೂರಿನಲ್ಲೇ ಸಿಗುತ್ತದೆ. ಮಳೆಗಾಲ ಬಂತೆಂದರೆ ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಅಂತ ದಿನವೂ ಓದುತ್ತೇವೆ. ಈ ಒಳಹರಿವು, ಹೊರಹರಿವು ಮಲೆನಾಡಿನ ಯಾವ ಮನೆಗೂ ಹೊಸದಲ್ಲ. ‘ಈ ಎಸ್‌ಎಂಪಿಎಸ್‌ನ ಗರಿಷ್ಠ ಹೊರಹರಿವು 850 ವ್ಯಾಟ್’ ಅಂತ ಬರೆದು ನೋಡಿದೆ. ಗೌಡರಿಗೆ ಥಟ್ಟನೆ ಹೊಳೆಯುತ್ತದೆ ಅನ್ನಿಸಿತು. ‘ಗರಿಷ್ಠ’ವನ್ನು ಬಿಡುವ ಹಾಗಿಲ್ಲ, ಅಷ್ಟೆ. ಬಯಲುಸೀಮೆಯ ಓದುಗರಿಗೆ ಇದು ಎಷ್ಟು ಸಲೀಸು ಅಂತ ನೀವು ಹೇಳಬೇಕು.

ಆದರೂ ನನ್ನ ಮನಸ್ಸು ಕ್ರಿಯಾಪದದ ಕಡೆಗೇ ವಾಲುತ್ತಿದೆ. ‘850 ವ್ಯಾಟ್ ಕೊಡಬಲ್ಲ ಎಸ್‌ಎಂಪಿಎಸ್’, ‘450 ವ್ಯಾಟ್ ಎಳೆಯುವ ಕಾರ್ಡ್’. ಹೀಗೆ ಬರೆದರೆ ಯಾವುದು ಕೊಡುವುದು, ಯಾವುದು ಎಳೆಯುವುದು ಅಂತ ಮತ್ತೆ ವಿವರಿಸಬೇಕಾಗಿಲ್ಲ. ಎಳೆಯುವ ಲೆಕ್ಕ ಕೂಡಿಸಿದರೆ ಕೊಡುವ ಡಬ್ಬ ಎಷ್ಟರದು ಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ. ಆರ್‌ಟಿಎಕ್ಸ್ 4090 ಕಾರ್ಡ್ 450 ವ್ಯಾಟ್ ಎಳೆಯುತ್ತದೆ. ಕೋರ್ ಐ9 14900ಕೆ ಪ್ರೊಸೆಸರ್ ಪೂರ್ತಿ ಓಡಿದಾಗ 253. ಎರಡೂ ಸೇರಿ 703. ಬೋರ್ಡು, ಫ್ಯಾನು, ಡ್ರೈವುಗಳಿಗೆ ಸ್ವಲ್ಪ ಸೇರಿಸಿ. ಇಲ್ಲಿ 500ರ ಡಬ್ಬ ಹಾಕಿದರೆ ಆಟದ ನಡುವೆ ಕಂಪ್ಯೂಟರ್ ಪಟ್ಟನೆ ಆಫ್ ಆಗುತ್ತದೆ. 4090ಗೆ ಅದನ್ನು ಮಾಡುವ ಕಂಪನಿ ಎನ್ವಿಡಿಯಾ ಹೇಳುವುದು ಕಡಿಮೆಯೆಂದರೆ 850. ಇಂಥ ಪ್ರೊಸೆಸರ್ ಜೊತೆಗಿದ್ದರೆ 1000 ಹಾಕಿ ಅಂತ ನಾನು ಬರೆದಿದ್ದೇನೆ. 2025ರ ಜನವರಿಯಲ್ಲಿ ಬಂದ ಆರ್‌ಟಿಎಕ್ಸ್ 5090 ಒಂದೇ 575 ವ್ಯಾಟ್ ಎಳೆಯುತ್ತದೆ. ಅದಕ್ಕೆ ಕಂಪನಿಯೇ 1000 ಬೇಕು ಅನ್ನುತ್ತದೆ.

ಇನ್ನು ‘ದಕ್ಷತೆ’. ಭೌತಶಾಸ್ತ್ರದ ಪುಸ್ತಕದಲ್ಲಿ ಇರುವ ಪದ. ಆದರೆ ಮಾತಿನಲ್ಲಿ ದಕ್ಷ ಅಧಿಕಾರಿ ಅನ್ನುತ್ತೇವೆ, ಅಂದರೆ ಒಳ್ಳೆಯ ಕೆಲಸಗಾರ ಅಂತ. 80 ಪ್ಲಸ್ ಗೋಲ್ಡ್ ಅನ್ನುವ ಗುರುತಿಗೆ ‘ಹೆಚ್ಚಿನ ದಕ್ಷತೆ’ ಅಂತ ಬರೆದರೆ ಎಲ್ಲ ರೀತಿಯಲ್ಲೂ ಒಳ್ಳೆಯ ಡಬ್ಬ ಅಂತ ಓದುವವರು ತಿಳಿಯುತ್ತಾರೆ. ಆ ಗುರುತು ಹೇಳುವುದು ಒಂದೇ ವಿಷಯ, ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಪಾಲು ಒಳಗಿನ ಭಾಗಗಳಿಗೆ ತಲುಪುತ್ತದೆ ಅಂತ. ನಮ್ಮ 230 ವೋಲ್ಟ್‌ನಲ್ಲಿ, ಅರ್ಧ ಲೋಡ್ ಇದ್ದಾಗ, ಗೋಲ್ಡ್‌ಗೆ ನೂರಕ್ಕೆ 92 ತಲುಪಬೇಕು. 1000ದ ಡಬ್ಬ 500 ವ್ಯಾಟ್ ಕೊಡುತ್ತಿದ್ದರೆ ಗೋಡೆಯಿಂದ ಸುಮಾರು 543 ಎಳೆಯುತ್ತದೆ. ಉಳಿದ 43 ಬಿಸಿಯಾಗಿ ಹೋಗುತ್ತದೆ. ‘ತಲುಪುವ ಪಾಲು’ ಅಂತ ಬರೆಯಬಹುದು ಅನ್ನಿಸುತ್ತದೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆಯುತ್ತದಾ?

ನನಗೆ ತುಂಬ ಬೇಕಾಗಿರುವ ಪದ ಮುಂದಿನದು. ಈಗಿನ ಕಾರ್ಡುಗಳು ಒಂದೇ ಸಮನೆ ಎಳೆಯುವುದಿಲ್ಲ. ಆಟದಲ್ಲಿ ದೃಶ್ಯ ಬದಲಾದ ಕ್ಷಣ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಮಾಮೂಲಿಗಿಂತ ಎಷ್ಟೋ ಜಾಸ್ತಿ ಎಳೆದು ಬಿಟ್ಟುಬಿಡುತ್ತವೆ. ಸುಮಾರಾದ ಡಬ್ಬ ಅದನ್ನು ಶಾರ್ಟ್ ಅಂದುಕೊಂಡು ಟ್ರಿಪ್ ಆಗುತ್ತದೆ. ಅದಕ್ಕಾಗಿಯೇ 2022ರಲ್ಲಿ ಬಂದ, ಎಸ್‌ಎಂಪಿಎಸ್ ಹೇಗಿರಬೇಕು ಅಂತ ಹೇಳುವ ಎಟಿಎಕ್ಸ್ 3.0 ನಿಯಮ, ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು ತನ್ನ ವ್ಯಾಟಿನ ಎರಡರಷ್ಟನ್ನು ಡಬ್ಬ ತಡೆದುಕೊಳ್ಳಬೇಕು ಅನ್ನುತ್ತದೆ. ದೊಡ್ಡ ಕಾರ್ಡ್ ಹಾಕುವವರು ಡಬ್ಬದ ಮೇಲೆ 3.0 ಅಥವಾ 3.1 ಅಂತ ಇರುವುದನ್ನೇ ಕೇಳಿ ತರಬೇಕು.

ಈ ಕ್ಷಣದ ಎಳೆತಕ್ಕೆ ಏನನ್ನೋಣ? ‘ಏರುಪೇರು’ ಆಗುವುದಿಲ್ಲ. ಅದು ಲೈನಿನಿಂದ ಬರುವ ವೋಲ್ಟೇಜ್‌ಗೆ ಆಗಲೇ ಮೀಸಲು. ‘ವೋಲ್ಟೇಜ್ ಏರುಪೇರಾಗಿ ಫ್ರಿಜ್ ಸುಟ್ಟುಹೋಯ್ತು’ ಅನ್ನುತ್ತೇವಲ್ಲ, ಆ ಅರ್ಥದಲ್ಲಿ. ಎರಡಕ್ಕೂ ಒಂದೇ ಪದ ಬಳಸಿದರೆ ಜನ ಸ್ಟೆಬಿಲೈಸರ್ ತಂದು ಹಾಕುತ್ತಾರೆ. ಕಾರ್ಡಿನ ಈ ಕಾಟಕ್ಕೆ ಸ್ಟೆಬಿಲೈಸರ್ ಏನೂ ಮಾಡಲಾರದು. ‘ಸೆಳೆತ’ ಅಂದರೆ ಮನಸ್ಸಿನ ಮಾತಾಗುತ್ತದೆ. ನನಗೆ ಸಿಕ್ಕಿದ್ದು ‘ಜಗ್ಗು’. ಹಗ್ಗಜಗ್ಗಾಟ ಎಲ್ಲರಿಗೂ ಗೊತ್ತು. ‘ಕಾರ್ಡ್ 450 ಎಳೆಯುತ್ತದೆ, ಆಗಾಗ ಅದಕ್ಕಿಂತ ಜಾಸ್ತಿ ಜಗ್ಗುತ್ತದೆ, ಆ ಜಗ್ಗಿಗೆ ತಡೆದುಕೊಳ್ಳುವ ಡಬ್ಬ ಬೇಕು.’ ಓದಿದರೆ ಚೆನ್ನಾಗಿಯೇ ಕೇಳುತ್ತದೆ.

ಕೊನೆಯದಾಗಿ ಇನ್ವರ್ಟರ್ ವಿಷಯ. ಆಷಾಢದ ಗಾಳಿಗೆ ಮರ ಬಿದ್ದು ಲೈನ್ ಹೋಗುವುದು ನಮ್ಮ ಕಡೆ ಮಾಮೂಲು. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವವರೆಗೆ ಸಣ್ಣ ಅಂತರ ಇರುತ್ತದೆ. ಆ ಅಂತರದಲ್ಲಿ ಎಸ್‌ಎಂಪಿಎಸ್ ತನ್ನೊಳಗೆ ಇಟ್ಟುಕೊಂಡಿದ್ದರಿಂದಲೇ ಕಂಪ್ಯೂಟರನ್ನು ಓಡಿಸುತ್ತದೆ. ಈಚಿನ ಎಟಿಎಕ್ಸ್ ಲೆಕ್ಕದಲ್ಲಿ ಅದು ಪೂರ್ತಿ ಲೋಡ್‌ಗೆ 12 ಮಿಲಿಸೆಕೆಂಡ್, ಸ್ವಲ್ಪ ಕಡಿಮೆ ಲೋಡ್‌ಗೆ 17. ಇನ್ವರ್ಟರನ್ನು ಯುಪಿಎಸ್ ಮೋಡ್‌ನಲ್ಲಿ, ಅಂದರೆ ಬೇಗ ಹಿಡಿಯುವ ಹಾಗೆ, ಇಡಿ ಅಂತ ಅಂಗಡಿಯವರು ಹೇಳುವುದು ಇದಕ್ಕೇ. ಡಬ್ಬ ಹೀಗೆ ತಡೆದುಕೊಳ್ಳುವ ಸಮಯಕ್ಕೆ ‘ತಾಳಿಕೆ’ ಅಂತ ಬರೆದಿದ್ದೆ. ಆದರೆ ತಾಳಿಕೆ-ಬಾಳಿಕೆ ಅಂದರೆ ವರ್ಷಗಟ್ಟಲೆ ಬರುವುದು ಅಂತ ಅಲ್ವಾ? ‘ತಾಳುವ ಹೊತ್ತು’ ಅಂತ ಬದಲಾಯಿಸಿದ್ದೇನೆ. ಸರಿಯೆನ್ನಿಸುತ್ತದಾ?

‘ಜಗ್ಗು’ ಬಗ್ಗೆ ಧಾರವಾಡ, ಗದಗ, ವಿಜಯಪುರದ ಕಡೆಯವರನ್ನು ವಿಶೇಷವಾಗಿ ಕೇಳುತ್ತಿದ್ದೇನೆ. ನಿಮ್ಮಲ್ಲಿ ಯಾವ ಎಳೆತಕ್ಕೂ ಜಗ್ಗುವುದು ಅಂತಲೇ ಅನ್ನುತ್ತಾರೆ. ಹಾಗಿದ್ದರೆ ನಾನು ಮಾಡಿಕೊಂಡ ‘ಎಳೆ’, ‘ಜಗ್ಗು’ ವ್ಯತ್ಯಾಸ ನಿಮ್ಮ ಓದುಗರಿಗೆ ಕಾಣುತ್ತದೆಯೇ? ಕಾಣದಿದ್ದರೆ, ಒಮ್ಮೆಲೇ ಜೋರಾಗಿ ಎಳೆದು ಬಿಡುವುದಕ್ಕೆ ನಿಮ್ಮಲ್ಲಿ ಬೇರೆ ಯಾವ ಮಾತಿದೆ?