ಆಪರೇಷನ್‌ನಲ್ಲಿ ಎಷ್ಟು ರಕ್ತ ಹೋಗುತ್ತದೆ ಅಂತ ಮೊದಲೇ ಹೇಳೋಕಾಗುತ್ತಾ?

ಪ್ರಶ್ನೆ: ಅಮ್ಮನಿಗೆ ಸೊಂಟದ ಕೀಲು ಬದಲಿಸುವ ಆಪರೇಷನ್ ಇದೆ. ತೂಕ 60 ಕೆಜಿ, ಹಿಮೋಗ್ಲೋಬಿನ್ 12. ಎರಡು ಯೂನಿಟ್ ರಕ್ತ ರೆಡಿ ಇಡಿ ಅಂದಿದ್ದಾರೆ. ಇದು ಲೆಕ್ಕವಾ, ಸುಮ್ನೆ ಅಂದಾಜಾ?

ಉತ್ತರ 1: ಎರಡೂ. ಹೆಂಗಸರಲ್ಲಿ ಕೆಜಿಗೆ ಸುಮಾರು 65 ಮಿಲಿ ರಕ್ತ, ಅಂದರೆ ಅಮ್ಮನಿಗೆ 3,900 ಮಿಲಿ. ಹಿಮೋಗ್ಲೋಬಿನ್ 12ರಿಂದ 8ರವರೆಗೆ ಇಳಿದರೆ ಪರವಾಗಿಲ್ಲ ಅಂತ ಹಿಡಿದರೆ ಮೂರರಲ್ಲೊಂದು ಪಾಲು, ಹತ್ತಿರ ಹತ್ತಿರ 1,300 ಮಿಲಿ ಹೋಗುವ ತನಕ ರಕ್ತ ಕೊಡದೆಯೂ ನಡೆಯಬಹುದು. ಹೃದಯದ ತೊಂದರೆ ಇದ್ದರೆ ಲೆಕ್ಕ ಬೇರೆ.

ಉತ್ತರ 2: ಆಪರೇಷನ್ ಥಿಯೇಟರ್‌ನಲ್ಲಿ ಕೆಲಸ ಮಾಡುತ್ತೇನೆ. ಕಣ್ಣಳತೆ ಜಾಸ್ತಿ ಸಲ ಕೈಕೊಡುತ್ತದೆ. ನೆನೆದ ಬಟ್ಟೆಯನ್ನು ತೂಗಿ, ಒಣ ತೂಕ ಕಳೆದು, ಒಂದು ಗ್ರಾಂಗೆ ಒಂದು ಮಿಲಿ ಅಂತ ಹಿಡಿಯುತ್ತೇವೆ. ರಕ್ತ ಹೀರಿ ತುಂಬಿಸುವ ಸಕ್ಷನ್ ಬಾಟಲಿಯ ಅಳತೆಯಿಂದ, ಗಾಯ ತೊಳೆಯಲು ಬಳಸಿದ ಸಲೈನ್ (ಉಪ್ಪುನೀರು) ಕಳೆಯೋದು ಮರೆತರೆ ಅಷ್ಟೇ!

ಉತ್ತರ 3: ರಕ್ತ ತೆಳು ಮಾಡುವ ಮಾತ್ರೆ ತಗೋತಿದ್ದರೆ ಈಗಲೇ ಡಾಕ್ಟರಿಗೆ ಹೇಳಿ. ಟ್ರಾನೆಕ್ಸಾಮಿಕ್ ಆಸಿಡ್ ಅನ್ನೋ ಔಷಧಿ ಕೊಡ್ತೀರಾ ಅಂತಲೂ ಕೇಳಿ, ರಕ್ತಸ್ರಾವ ಕಡಿಮೆಯಾಗುತ್ತದೆ.