ಮನೆಯಲ್ಲಿ ಟಾಫಿ ಮಾಡಿದವರು ಹೇಳಿ: ಥರ್ಮಾಮೀಟರ್ ಬೇಕಾ, ಬೇಡ್ವಾ?

ಕುಮಟಾದ ಅಮ್ಮ:
ಮಗಳ ಹುಟ್ಟಿದಹಬ್ಬ ಇದೇ ಜುಲೈ 18ಕ್ಕೆ. ತರಗತಿಯಲ್ಲಿ 42 ಮಕ್ಕಳು. ಅಂಗಡಿ ಚಾಕಲೇಟ್ ಬೇಡ, ಮನೆಯಲ್ಲೇ ಬೆಣ್ಣೆ ಟಾಫಿ ಮಾಡಿ ಕೊಡುತ್ತೇನೆ ಅಂತ ನಾನೇ ಬಾಯಿ ತಪ್ಪಿ ಹೇಳಿಬಿಟ್ಟೆ. ಈಗ ಅವಳು ಬಿಡುತ್ತಿಲ್ಲ. ಎರಡು ಸಲ ಮಾಡಿ ನೋಡಿದೆ. ಮೊದಲನೇ ಸಲ ಸಕ್ಕರೆ ಮರಳು ಮರಳಾಯಿತು. ಎರಡನೇ ಸಲ ರಾತ್ರಿ ಟಕ್ ಅಂತ ಮುರಿಯುವ ಹಾಗಿತ್ತು, ಬೆಳಿಗ್ಗೆ ನೋಡಿದರೆ ಬಟರ್ ಪೇಪರಿಗೆಲ್ಲ ಅಂಟಿಕೊಂಡು ಕೂತಿತ್ತು. ನಾನು ಕೇಳುವುದು ಎರಡೇ. ಪಾಕದ ಬಿಸಿ ನೋಡುವ ಥರ್ಮಾಮೀಟರ್ ತಗೊಳ್ಳಲೇಬೇಕಾ? ಈ ಮಳೆಯಲ್ಲಿ ಟಾಫಿ ಎರಡು ದಿನ ಗರಿಗರಿಯಾಗಿ ಇರುತ್ತದಾ?

ಬೇಕರಿ ಬಿಟ್ಟವ, ಕಾರವಾರ:
ಹನ್ನೊಂದು ವರ್ಷ ಬೇಕರಿಯಲ್ಲಿ ಒಲೆ ಮುಂದೆ ನಿಂತವನು ನಾನು. ಈಗ ಬಿಟ್ಟಿದ್ದೇನೆ, ಯಾಕೆ ಅಂತ ಕೇಳಬೇಡಿ. ಬಿಟ್ಟ ಮೇಲೆ ಮನೆಯಲ್ಲಿ ಟಾಫಿ ಮಾಡಿ ಮಾರೋಣ ಅಂತ ಹೊರಟೆ. ಆಹಾರ ಇಲಾಖೆಯ ನೋಂದಣಿ ಮಾಡಿಸಿದೆ, ಅದಕ್ಕೆ ಆಗ ವರ್ಷಕ್ಕೆ 100 ರೂಪಾಯಿ, ಅದೇನು ದೊಡ್ಡದಲ್ಲ. ದೊಡ್ಡದು ಬೆಣ್ಣೆ. ಒಂದು ಜುಲೈಯಲ್ಲಿ ಒಬ್ಬರು ಮದುವೆಗೆ ಅಂತ ಆರ್ಡರ್ ಕೊಟ್ಟರು. 3 ಕಿಲೋ ಬೆಣ್ಣೆ 1,680, 3 ಕಿಲೋ ಸಕ್ಕರೆ 132, ಬಣ್ಣದ ಕಾಗದ 260, ಒಟ್ಟು 2,072 ರೂಪಾಯಿ. ಗ್ಯಾಸ್ ಬೇರೆ, ನನ್ನ ಕೂಲಿ ಲೆಕ್ಕಕ್ಕೇ ಇಲ್ಲ. 150 ಡಿಗ್ರಿಗೆ ಸರಿಯಾಗಿ ಇಳಿಸಿದ್ದೆ, ಕನ್ನಡಿ ಹಾಗೆ ಬಂತು. ತಣಿಯಲಿ ಅಂತ ತಟ್ಟೆಗಳನ್ನು ಜಗುಲಿಯಲ್ಲಿಟ್ಟು ಊಟಕ್ಕೆ ಕೂತೆ. ಊಟ ಮುಗಿಯುವಷ್ಟರಲ್ಲಿ ಮೇಲೆ ಬೆವರು ಒಡೆದಿತ್ತು, ಸಂಜೆಗೆ ಎಲ್ಲ ಒಂದೇ ಮುದ್ದೆ. ಸಕ್ಕರೆಯನ್ನು ಆ ಹದಕ್ಕೆ ಕಾಯಿಸಿದರೆ ಅದರಲ್ಲಿ ನೀರು ಉಳಿಯುವುದೇ ನೂರಕ್ಕೆ ಒಂದೆರಡು ಪಾಲು. ಅಷ್ಟು ಒಣಗಿದ ವಸ್ತುವನ್ನು ಕಾರವಾರದ ಮಳೆಗಾಲದ ಗಾಳಿಗೆ ಇಟ್ಟರೆ ಅದು ನೀರು ಎಳೆಯದೆ ಇನ್ನೇನು ಮಾಡುತ್ತದೆ? ಆಮೇಲೆ ಕೋಣೆಯ ಗಾಳಿ ಒಣಗಿರಲಿ ಅಂತ ಹಳೇ ಎಸಿ ಒಂದು 14,500 ಕೊಟ್ಟು ತಂದೆ. ಅದು ಎರಡು ತಿಂಗಳಿಗೆ ಕೆಟ್ಟಿತು. ರಿಪೇರಿಗೆ 3,200. ಈಗ ಅದರ ಮೇಲೆ ನಮ್ಮ ಮನೆಯವರು ಹಪ್ಪಳದ ಡಬ್ಬಿ ಇಡುತ್ತಾರೆ.

ತೋಟದಮನೆ ಅತ್ತಿಗೆ, ಶಿರಸಿ:
ಅಯ್ಯೋ, ಟಾಫಿಗೆ ಎಸಿ ಅಂತೆ! ನಮ್ಮಲ್ಲಿ ಅಜ್ಜಿ ಒಂದು ತಟ್ಟೆ ತಣ್ಣೀರು ಪಕ್ಕಕ್ಕಿಟ್ಟುಕೊಂಡು ಪಾಕ ನೋಡುತ್ತಿದ್ದರು. ಒಂದು ಹನಿ ಬಿಟ್ಟರೆ ಉಂಡೆ ಆಯಿತಾ, ಅದು ಬರ್ಫಿಗೆ. ತೆಗೆದು ತಟ್ಟೆಗೆ ಹೊಡೆದರೆ ಟಣ್ ಅಂತಾ, ಅದು ಚಿಕ್ಕಿಗೆ. ಯಾವ ಥರ್ಮಾಮೀಟರೂ ಇರಲಿಲ್ಲ. ನಾನು ಜೋನಿ ಬೆಲ್ಲದಲ್ಲೇ, ಅಂದರೆ ಅಚ್ಚು ಹಾಕದ ನೀರು ಬೆಲ್ಲದಲ್ಲೇ, ಟಾಫಿ ಮಾಡುತ್ತೇನೆ, ಆಲೆಮನೆಯಿಂದ ನೇರ ಬಂದದ್ದು. ಮೊದಲ ವರ್ಷ ಪೂರ್ತಿ ಜೋನಿ ಹಾಕಿ ಕೆಟ್ಟೆ, ಅದು ಎಷ್ಟು ಕುದಿಸಿದರೂ ಎಳೆಯುತ್ತಲೇ ಇತ್ತು, ಮಾವನವರ ಕಟ್ಟಿಸಿದ ಹಲ್ಲು ಕಳಚಿ ಬಂತು. ಹಲ್ಲಿಗೆ ಆದ ಖರ್ಚನ್ನು ಇಲ್ಲಿ ಬರೆಯುವುದಿಲ್ಲ, ಮನೆಯವರೂ ಇಲ್ಲಿ ಓದುತ್ತಾರೆ. ಎರಡನೇ ವರ್ಷ ರುಚಿಗೆ ಅಂತ ಕುದಿಯುವ ಬೆಲ್ಲಕ್ಕೆ ಹಾಲು ಹಾಕಿದೆ. ಒಡೆದು ಗಸಿ ಗಸಿಯಾಯಿತು. ಬೆಲ್ಲದ ಹುಳಿಗೆ ಬಿಸಿ ಹಾಲು ನಿಲ್ಲುವುದಿಲ್ಲ, ಚಿಟಿಕೆ ಸೋಡಾ ಮೊದಲೇ ಹಾಕಬೇಕಿತ್ತು. ಈಗ ಅರ್ಧ ಜೋನಿ, ಅರ್ಧ ಅಚ್ಚು ಬೆಲ್ಲ, ಮನೆ ತುಪ್ಪ. ಕಳೆದ ಸಲ ಮಾರಿಕಾಂಬಾ ಜಾತ್ರೆಗೆ ಬಂದ ನೆಂಟರೆಲ್ಲ ಡಬ್ಬಿ ಖಾಲಿ ಮಾಡಿಯೇ ಹೋದದ್ದು.

ಬೇಕರಿ ಬಿಟ್ಟವ, ಕಾರವಾರ:
ಅತ್ತಿಗೆ, ಅದು ಟಾಫಿ ಅಲ್ಲ. ಟಾಫಿ ಅಂದರೆ ಸಕ್ಕರೆ ಮತ್ತು ಬೆಣ್ಣೆ. ನೀವು ಮಾಡಿದ್ದು ಕಮರ್‌ಕಟ್ಟಿನ ತಂಗಿ.

ತೋಟದಮನೆ ಅತ್ತಿಗೆ, ಶಿರಸಿ:
ಇರಲಿ ಬಿಡಿ, ನನ್ನ ಕಮರ್‌ಕಟ್ಟಿನ ತಂಗಿಯನ್ನು ಜನ ತಿಂದರು. ನಿಮ್ಮ ಟಾಫಿಯನ್ನು ಮಳೆಗಾಳಿ ತಿಂದಿತು.

ಶಿರಸಿ ಮಾಣಿ:
ಥರ್ಮಾಮೀಟರ್ ಬಗ್ಗೆ ನನ್ನಷ್ಟು ದುಡ್ಡು ಕಳೆದವರು ಈ ಜಿಲ್ಲೆಯಲ್ಲಿ ಯಾರೂ ಇರಲಿಕ್ಕಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಮೊದಲನೆಯದು 649 ರೂಪಾಯಿ, ಡಿಜಿಟಲ್, ಕಡ್ಡಿ ಥರದ್ದು. ಬಂದ ದಿನವೇ ಕುದಿಯುವ ನೀರಿಗೆ ಇಟ್ಟು ಪರೀಕ್ಷೆ ಮಾಡಿದೆ, 98 ತೋರಿಸಿತು. 100 ತೋರಿಸಬೇಕಲ್ವಾ? ವಾಪಸ್ ಕಳಿಸಿದೆ, ಕೊರಿಯರ್ 120 ಕೈಯಿಂದ ಹೋಯಿತು. ಅವರು ಬೇರೆ ಪೀಸ್ ಕಳಿಸಿದರು, ಅದೂ 98. ಅದನ್ನೂ ವಾಪಸ್ ಮಾಡಿದೆ, ಮತ್ತೆ 120. ಫೋನಿನಲ್ಲಿ ಜಗಳ ಆಡಿ, ಇಪ್ಪತ್ತಮೂರು ದಿನ ಕಾದು, ಕೊನೆಗೆ 1,150 ಕೊಟ್ಟು ಗಡಿಯಾರದ ಮುಖದ್ದು ಒಂದು ತಗೊಂಡೆ. ಅದು ಸರಿಯಾಗಿ 100 ತೋರಿಸುತ್ತದೆ. ಅಂದಿನಿಂದ ನನ್ನ ಟಾಫಿ ಒಂದು ಸಲವೂ ಕೆಟ್ಟಿಲ್ಲ. ಅಗ್ಗದ ಮಾಲು ತಗೊಳ್ಳಬೇಡಿ ಅಂತ ಅಷ್ಟೇ ನನ್ನ ಮಾತು.

ಹೊನ್ನಾವರದ ಮೇಷ್ಟ್ರು:
ಮಾಣಿ, ಬೇಜಾರು ಮಾಡಿಕೊಳ್ಳಬೇಡ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ನೀರು ಕುದಿಯುವ ಬಿಂದು ಹೆಚ್ಚೂಕಡಿಮೆ 1 ಡಿಗ್ರಿ ಇಳಿಯುತ್ತದೆ. ಅಂದರೆ ನಿಮ್ಮೂರಲ್ಲಿ ನೀರು ಕುದಿಯುವುದೇ 98ಕ್ಕೆ. ನೀನು ವಾಪಸ್ ಮಾಡಿದ ಎರಡೂ ಸರಿ ಇದ್ದವು. ಇಟ್ಟುಕೊಂಡದ್ದು ಮಾತ್ರ ತಪ್ಪು ತೋರಿಸುತ್ತಿದೆ.

ಶಿರಸಿ ಮಾಣಿ:
ಸುಮ್ನೆ ಏನೋ ಹೇಳಬೇಡಿ ಮೇಷ್ಟ್ರೇ. ತಪ್ಪಿದ್ದರೆ ನನ್ನ ಟಾಫಿ ಹೇಗೆ ಸರಿ ಬರುತ್ತದೆ?

ಹೊನ್ನಾವರದ ಮೇಷ್ಟ್ರು:
ಪುಸ್ತಕದಲ್ಲಿ 150 ಅಂತ ಇರುವುದು ಸಮುದ್ರಮಟ್ಟದ ಲೆಕ್ಕ. ಶಿರಸಿಯಲ್ಲಿ ಅದೇ ಹದ 148ಕ್ಕೇ ಬರುತ್ತದೆ. ನಿನ್ನ ಯಂತ್ರ 2 ಡಿಗ್ರಿ ಜಾಸ್ತಿ ತೋರಿಸುತ್ತದೆ. ಅದರಲ್ಲಿ 150 ಕಂಡಾಗ ನಿಜವಾಗಿ ಇರುವುದು 148. ಎರಡು ತಪ್ಪು ಸೇರಿ ನಿನ್ನ ಪುಣ್ಯಕ್ಕೆ ಸರಿಯಾಗಿದೆ. ಅದನ್ನು ತಗೊಂಡು ಘಟ್ಟ ಇಳಿದು ಹೊನ್ನಾವರಕ್ಕೆ ಬಾ, ಇಲ್ಲಿ ನೀರಿಗೆ ಇಟ್ಟರೆ 102 ತೋರಿಸುತ್ತದೆ.

ಶಿರಸಿ ಮಾಣಿ:
ನಾನ್ಯಾಕೆ ಬರಲಿ? ನಮ್ಮದು ಬಾವಿ ನೀರು, ಅದರಲ್ಲೇ ಏನೋ ವ್ಯತ್ಯಾಸ ಇರಬಹುದು.

ಬೇಕರಿ ಬಿಟ್ಟವ, ಕಾರವಾರ:
ಬಾವಿ ನೀರಿಗೆ ಎರಡು ಡಿಗ್ರಿ ವ್ಯತ್ಯಾಸ ಬರಬೇಕಾದರೆ ಬಾವಿಗೆ ಉಪ್ಪಿನ ಮೂಟೆ ಬಿದ್ದಿರಬೇಕು. ಬಿದ್ದರೂ ಏರುತ್ತದೆ, ಇಳಿಯುವುದಿಲ್ಲ.

ಯಲ್ಲಾಪುರದ ಸೊಸೆ:
ನನ್ನದು ಬೇರೆ ಕಥೆ. ಮರಳು ಆಗಬಾರದು ಅಂದರೆ ಗ್ಲೂಕೋಸ್ ಹಾಕಬೇಕು ಅಂತ ಎಲ್ಲೋ ಓದಿದೆ. ಮನೆಯಲ್ಲಿ ಮಕ್ಕಳಿಗೆ ನೀರಿಗೆ ಕಲಸಿ ಕೊಡುವ ಗ್ಲೂಕೋಸ್ ಪುಡಿ ಇತ್ತಲ್ವಾ, ಅದನ್ನೇ ಮೂರು ಚಮಚ ಸುರಿದೆ. ಟಾಫಿ ರವೆ ಉಂಡೆ ಥರ ಆಯಿತು. ಇನ್ನೂ ಮೂರು ಚಮಚ ಹಾಕಿದೆ, ಇನ್ನೂ ಕೆಟ್ಟಿತು. ಹೀಗೆ ಒಂದು ಡಬ್ಬಿ ಖಾಲಿ, ಮೂರು ಸಲದ ಬೆಣ್ಣೆ ಸೇರಿ 900ರ ಹತ್ತಿರ ಹೋಯಿತು. ಅತ್ತೆ ಅದನ್ನು ಬಿಸಾಡಲು ಬಿಡಲಿಲ್ಲ, ಹದಿನೈದು ದಿನ ಚಹಾಕ್ಕೆ ಅದೇ ಸಕ್ಕರೆ. ಚಹಾದ ಮೇಲೆ ಎಣ್ಣೆ ತೇಲುತ್ತಿತ್ತು. ಬೇಕಾಗಿದ್ದು ಜೇನಿನ ಥರ ಮಂದ ಇರುವ ಲಿಕ್ವಿಡ್ ಗ್ಲೂಕೋಸ್, ಹುಬ್ಬಳ್ಳಿಯಲ್ಲಿ ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು, ಕಿಲೋ ಡಬ್ಬಿಯೇ ತಗೋಬೇಕು ಅಂದರು. ಒಂದು ಸಲಕ್ಕೆ ಬೇಕಾಗುವುದು ಒಂದು ಚಮಚ. ಉಳಿದದ್ದು ಯಾರಿಗಾದರೂ ಬೇಕಾದರೆ ಹೇಳಿ.

ತೋಟದಮನೆ ಅತ್ತಿಗೆ, ಶಿರಸಿ:
ಹುಬ್ಬಳ್ಳಿಗೆ ಯಾಕೆ ಹೋದೆ ತಂಗಿ, ನಾಲ್ಕು ಹನಿ ಲಿಂಬೆರಸ ಸಾಕಿತ್ತು. ಹುಳಿ ಬಿದ್ದರೆ ಸಕ್ಕರೆ ಮರಳು ಕಟ್ಟುವುದಿಲ್ಲ. ನಾನು ಮುರುಗಲು ರಸ ಹಾಕುತ್ತೇನೆ, ಕೋಕಂ ಅಂತಾರಲ್ಲ, ಅದೇ ಹಣ್ಣು, ಬಣ್ಣವೂ ಬರುತ್ತದೆ.

ಬೇಕರಿ ಬಿಟ್ಟವ, ಕಾರವಾರ:
ಬಿರಿಂಡ ಹಾಕಿದರೆ ಹುಳಿ ಅಳತೆ ಸಿಗುವುದಿಲ್ಲ. ಒಂದು ಹಣ್ಣಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಹುಳಿ ಜಾಸ್ತಿಯಾದರೆ ಸಕ್ಕರೆ ಪೂರ್ತಿ ಒಡೆದು ಜೋನಿ ಬೆಲ್ಲದ ಹಾಗೆಯೇ ನೀರು ಎಳೆಯುತ್ತದೆ. ನಿಮ್ಮ ಮಾವನವರ ಹಲ್ಲಿಗೆ ಆದದ್ದು ಅದೇ.

ತೋಟದಮನೆ ಅತ್ತಿಗೆ, ಶಿರಸಿ:
ಹಲ್ಲಿನ ವಿಷಯ ಬೇಡ. ಮತ್ತೆ ಅದು ಮುರುಗಲು.

ಬೇಕರಿ ಬಿಟ್ಟವ, ಕಾರವಾರ:
ನಮ್ಮಲ್ಲಿ ಬಿರಿಂಡ. ಮರ ನಮ್ಮ ಹಿತ್ತಲಲ್ಲಿದೆ, ಅದಕ್ಕೆ ಏನು ಹೆಸರು ಅಂತ ನನಗೆ ಗೊತ್ತು.

ಅಂಕೋಲಾ ಅಕ್ಕ:
ನೀವು ಹಣ್ಣಿನ ಹೆಸರಿಗೆ ಹೊಡೆದಾಡಿ. ಯಾರೂ ಸುಡುವ ವಿಷಯ ಹೇಳಲಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ನನ್ನ ಬಲಗೈ ಮೂರು ಬೆರಳಿನ ಮೇಲೆ ಈಗಲೂ ಕಲೆ ಇದೆ. ಪಾಕ ತಟ್ಟೆಗೆ ಸುರಿಯುವಾಗ ಬಾಣಲೆಯ ಅಂಚಿನಿಂದ ಒಂದು ಎಳೆ ಜಾರಿ ಕೈಮೇಲೆ ಬಿತ್ತು. ಕುದಿ ನೀರಾದರೆ ಹರಿದು ಹೋಗುತ್ತದೆ. ಇದು 150 ಡಿಗ್ರಿಯದ್ದು, ಅಂಟಿಕೊಂಡೇ ಇರುತ್ತದೆ. ಕೊಡವಿದರೆ ಪಕ್ಕದ ಬೆರಳಿಗೆ. ಅತ್ತೆ ಓಡಿ ಬಂದು ಟೂತ್‌ಪೇಸ್ಟ್ ಹಚ್ಚಿದರು, ಅದರ ಮೇಲೆ ಅರಿಶಿನ. ಡಾಕ್ಟರು ಅದನ್ನೆಲ್ಲ ತೊಳೆದು ತೆಗೆಯುವಾಗ ಆದ ನೋವು ಸುಟ್ಟದ್ದಕ್ಕಿಂತ ಜಾಸ್ತಿ. ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕಿತ್ತಂತೆ, ಬರ್ಫವೂ ಅಲ್ಲ, ಪೇಸ್ಟೂ ಅಲ್ಲ. ಡಾಕ್ಟರಿಗೆ 400, ಮುಲಾಮು 185, ಡ್ರೆಸ್ಸಿಂಗ್ ಐದು ಸಲ ತಲಾ 100. ಒಂಬತ್ತು ದಿನ ಎಡಗೈಯಲ್ಲಿ ಊಟ ಮಾಡಿದೆ. ಆ ಟಾಫಿ ಮಾತ್ರ ಬಹಳ ಚೆನ್ನಾಗಿ ಬಂದಿತ್ತು, ಅದೇ ನನಗೆ ಸಿಟ್ಟು.

ಯಲ್ಲಾಪುರದ ಸೊಸೆ:
ಅಕ್ಕಾ, ಕಲಕುತ್ತಾ ಇದ್ದಿರಾ, ಸುಮ್ಮನೆ ಬಿಟ್ಟಿದ್ದಿರಾ? ಒಬ್ಬರು ಕಲಕಲೇಬಾರದು ಅನ್ನುತ್ತಾರೆ, ಇನ್ನೊಬ್ಬರು ಕೈ ಬಿಡಬಾರದು ಅನ್ನುತ್ತಾರೆ.

ಅಂಕೋಲಾ ಅಕ್ಕ:
ಬರೀ ಸಕ್ಕರೆ ನೀರು ಕುದಿಯುವಾಗ ಕಲಕಬಾರದು, ಬದಿಗೆ ಹಾರಿದ ಕಾಳು ಒಳಗೆ ಬಿದ್ದರೆ ಎಲ್ಲ ಮರಳು. ಒದ್ದೆ ಬ್ರಶ್ಶಿನಲ್ಲಿ ಬದಿ ಒರೆಸುತ್ತಿರಬೇಕು. ಬೆಣ್ಣೆ ಬಿದ್ದ ಮೇಲೆ ನಿಧಾನ ಕಲಕುತ್ತಲೇ ಇರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ.

ಬೇಕರಿ ಬಿಟ್ಟವ, ಕಾರವಾರ:
ತಳ ತೆಳ್ಳಗಿನ ಸ್ಟೀಲ್ ಪಾತ್ರೆ ಇಟ್ಟು ಉರಿ ಒಮ್ಮೆಲೇ ಜೋರು ಮಾಡಿದರೆ ಕಲಕಿದರೂ ಬೆಣ್ಣೆ ಬಿಟ್ಟುಕೊಂಡು ಮೇಲೆ ತೇಲುತ್ತದೆ. ಆಗ ಗಾಬರಿಯಾಗಿ ಚೆಲ್ಲುವವರೇ ಜಾಸ್ತಿ. ಉರಿ ಸಣ್ಣ ಮಾಡಿ ಒಂದು ಚಮಚ ಬಿಸಿನೀರು ಹಾಕಿ ಕಲಕಿ, ಬಹಳ ಸಲ ಕೂಡಿಕೊಳ್ಳುತ್ತದೆ. ಬಿಸಿನೀರು ಅಂದೆ, ತಣ್ಣೀರು ಹಾಕಿ ಮುಖಕ್ಕೆ ಸಿಡಿಸಿಕೊಂಡು ಇಲ್ಲಿ ಬಂದು ನನಗೆ ಬೈಯಬೇಡಿ.

ಶಿರಸಿ ಮಾಣಿ:
ಮೇಷ್ಟ್ರೇ, ಪಕ್ಕದ ಮನೆಯವರ ಥರ್ಮಾಮೀಟರ್ ತಂದು ಇಟ್ಟು ನೋಡಿದೆ. 98. ನಲ್ಲಿ ನೀರಲ್ಲೂ 98, ಬಾವಿ ನೀರಲ್ಲೂ 98. ಸರಿ, ಒಪ್ಪಿದೆ. ಆದರೆ ಅಂಗಡಿಯವರು ಫೋನಿನಲ್ಲಿ ಇದನ್ನು ಹೇಳಬಹುದಿತ್ತಲ್ವಾ? ನನ್ನ 240 ರೂಪಾಯಿ ಕೊರಿಯರ್ ಉಳಿಯುತ್ತಿತ್ತು.

ಹೊನ್ನಾವರದ ಮೇಷ್ಟ್ರು:
ಅವರಿಗೆ ಶಿರಸಿ ಎಲ್ಲಿದೆ ಅಂತ ಗೊತ್ತಿದ್ದರೆ ತಾನೇ.

ತೋಟದಮನೆ ಅತ್ತಿಗೆ, ಶಿರಸಿ:
ಮಾಣಿ, ಒಂದು ತಟ್ಟೆ ತಣ್ಣೀರಿಗೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕು.

ಕುಮಟಾದ ಅಮ್ಮ:
ಎಲ್ಲರಿಗೂ ಧನ್ಯವಾದ. ನಿನ್ನೆ 18 ಆಗಿಹೋಯಿತು. ಥರ್ಮಾಮೀಟರ್ ತಗೊಳ್ಳಲಿಲ್ಲ. ತಟ್ಟೆ ನೀರಿನಲ್ಲೇ ಹದ ನೋಡಿದೆ, ದಪ್ಪ ತಳದ ಕುಕ್ಕರಿನಲ್ಲಿ ಮಾಡಿದೆ, ಒಂದು ಸಲ ಬೆಣ್ಣೆ ತೇಲಿತು, ಬಿಸಿನೀರು ಹಾಕಿದ ಮೇಲೆ ಸರಿಯಾಯಿತು. ಉಗುರುಬೆಚ್ಚಗಿರುವಾಗಲೇ ತುಂಡು ಮಾಡಿ, ಒಂದೊಂದಕ್ಕೂ ಕಾಗದ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿದೆ. 42ರಲ್ಲಿ 37 ಗರಿಗರಿ ಉಳಿದವು. ಐದು ಅಂಟಿದ್ದು ಮಗಳು ಡಬ್ಬಿ ಮುಚ್ಚಳ ತೆಗೆದು ತೆಗೆದು ನೋಡಿದ್ದಕ್ಕೆ. ಅವನ್ನು ಮನೆಯಲ್ಲೇ ತಿಂದೆವು. ಈಗ ಅವಳ ಟೀಚರ್ ಗಣೇಶ ಚವತಿಗೆ ಎರಡು ಕಿಲೋ ಮಾಡಿಕೊಡ್ತೀರಾ ಅಂತ ಕೇಳಿದ್ದಾರೆ. ಎರಡು ಕಿಲೋಗೆ ಎಷ್ಟು ಹೇಳಲಿ?

ಬೇಕರಿ ಬಿಟ್ಟವ, ಕಾರವಾರ:
ಹೇಳಬೇಡಿ. ಬೇಡ ಅನ್ನಿ. ನನ್ನದೂ ಹೀಗೆಯೇ ಶುರುವಾದದ್ದು.

ಯಲ್ಲಾಪುರದ ಸೊಸೆ:
ಅಕ್ಕಾ ನಿಮಗೆ ಲಿಕ್ವಿಡ್ ಗ್ಲೂಕೋಸ್ ಬೇಕಾ? ಮುಕ್ಕಾಲು ಡಬ್ಬಿ ಇದೆ.

ತೋಟದಮನೆ ಅತ್ತಿಗೆ, ಶಿರಸಿ:
ಬೇಡ, ಮುರುಗಲು ಹಾಕಿ.

ಬೇಕರಿ ಬಿಟ್ಟವ, ಕಾರವಾರ:
ಬಿರಿಂಡ.